ಅಲೆಯ ಮೇಲೆ ನಿಲ್ಲುವ ಮೊದಲು: ಡ್ಯೂಕ್ ಕಹನಮೋಕು ಅವರ ಬದುಕು

ಆಗಸ್ಟ್ 15ರಂದು ಧ್ವಜಾರೋಹಣ ಮುಗಿಸಿ, ಅದೇ ದಿನ ಬಸ್ಸು ಹತ್ತಿ ಗೋಕರ್ಣಕ್ಕೆ ಹೋಗಿ ಸರ್ಫಿಂಗ್ ಕಲಿಯಬೇಕೆಂದು ನಾವು ಐದು ಜನ ಗೆಳೆಯರು ಜುಲೈನಲ್ಲೇ ಲೆಕ್ಕ ಹಾಕಿದ್ದೆವು. ನನ್ನ ಫಿಸಿಕ್ಸ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬಸ್ ಚಾರ್ಜು, ಊಟ, ರೂಮು, ಬೋರ್ಡಿನ ಬಾಡಿಗೆ ಎಲ್ಲವನ್ನೂ ಬರೆದಿದ್ದೆ. ಐವರಲ್ಲಿ ಈಜು ಬರುವವನು ಒಬ್ಬನೇ ಎಂಬುದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಆಗಸ್ಟ್ ಎಂದರೆ ಕರಾವಳಿಯಲ್ಲಿ ಮಳೆಗಾಲ, ಸಮುದ್ರ ಕೆರಳಿರುತ್ತದೆ ಎಂಬುದೂ ನಮಗೆ ಹೊಳೆದಿರಲಿಲ್ಲ.

ಆ ಪುಟ ನಮ್ಮ ದೈಹಿಕ ಶಿಕ್ಷಣ ಉಪನ್ಯಾಸಕರ ಕಣ್ಣಿಗೆ ಬಿತ್ತು. ಸರ್ ಬೈಯಲಿಲ್ಲ. ಸರ್ಫಿಂಗನ್ನು ಜಗತ್ತಿಗೆ ಪರಿಚಯಿಸಿದವರು ಯಾರೆಂದು ಓದಿ, ವಾರ್ತಾಪತ್ರಕ್ಕೆ ಬರೆದುಕೊಡು, ಆಮೇಲೆ ಈ ಪ್ಲ್ಯಾನ್ ಬಗ್ಗೆ ಮಾತನಾಡೋಣ ಎಂದರು. ಹಾಗೆ ನನಗೆ ಡ್ಯೂಕ್ ಕಹನಮೋಕು ಅವರ ಪರಿಚಯವಾಯಿತು.

ಡ್ಯೂಕ್ ಹುಟ್ಟಿದ್ದು 1890ರ ಆಗಸ್ಟ್ 24ರಂದು, ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳ ಹೊನೊಲುಲು ನಗರದಲ್ಲಿ. ಡ್ಯೂಕ್ ಎಂಬುದು ಬಿರುದಲ್ಲ, ತಂದೆಯಿಂದ ಬಂದ ಹೆಸರು. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ಆಗ ಹವಾಯಿಗೆ ತನ್ನದೇ ಅರಸೊತ್ತಿಗೆ ಇತ್ತು. 1893ರಲ್ಲಿ ಅದನ್ನು ಉರುಳಿಸಲಾಯಿತು, 1898ರಲ್ಲಿ ದ್ವೀಪಗಳು ಅಮೆರಿಕದ ಕೈಸೇರಿದವು. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವುದು ಹವಾಯಿಯವರ ಪುರಾತನ ಕಲೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ಬಂದ ರೋಗಗಳಿಂದ ಜನಸಂಖ್ಯೆ ಕುಸಿದು, ಹೊರಗಿನವರು ಈ ಆಟವನ್ನು ಕೀಳಾಗಿ ಕಂಡು, ಅದು ಮೂಲೆ ಸೇರಿತ್ತು. ವೈಕಿಕಿ ಎಂಬ ಬೀಚಿನ ಪಕ್ಕದಲ್ಲೇ ಬೆಳೆದ ಡ್ಯೂಕ್ ಮತ್ತು ಅವರ ಗೆಳೆಯರು ಅದನ್ನು ಬಿಡಲಿಲ್ಲ. ಹುಯಿ ನಲು, ಅಂದರೆ ಅಲೆಗಳ ಸಂಘ, ಎಂಬ ಕ್ಲಬ್ಬನ್ನೂ ಕಟ್ಟಿದರು. ಡ್ಯೂಕ್ ಅವರ ಒಂದು ಹಲಗೆ ಹದಿನಾರು ಅಡಿ ಉದ್ದವಿತ್ತು, ತೂಕ ಸುಮಾರು 52 ಕಿಲೋ. ನಮ್ಮ ಐವರಲ್ಲಿ ಒಬ್ಬನ ತೂಕ ಅಷ್ಟೇ ಇದೆ!

1911ರ ಆಗಸ್ಟಿನಲ್ಲಿ ಹೊನೊಲುಲು ಬಂದರಿನ ನೀರಿನಲ್ಲಿ ಈಜು ಸ್ಪರ್ಧೆ ನಡೆಯಿತು. 100 ಗಜದ ಓಟವನ್ನು ಡ್ಯೂಕ್ 55.4 ಸೆಕೆಂಡಿನಲ್ಲಿ ಮುಗಿಸಿದರು. ಅದು ಆಗಿನ ದಾಖಲೆಗಿಂತ 4.6 ಸೆಕೆಂಡು ಕಡಿಮೆ. ದೂರದ ಅಮೆರಿಕದಲ್ಲಿದ್ದ ಅಧಿಕಾರಿಗಳು ಅದನ್ನು ನಂಬಲಿಲ್ಲ. ನೀರಿನ ಸೆಳೆತ ಸಹಾಯ ಮಾಡಿರಬೇಕು, ಗಡಿಯಾರ ತಪ್ಪಿರಬೇಕು ಎಂದು ದಾಖಲೆಯನ್ನು ತಳ್ಳಿಹಾಕಿದರು. ಊರಿನ ಜನ ಹಣ ಕೂಡಿಸಿ ಇವರನ್ನು ಅಮೆರಿಕದ ಆಯ್ಕೆ ಸ್ಪರ್ಧೆಗೆ ಕಳುಹಿಸಿದರು. ಸಮುದ್ರದಲ್ಲಿ ಬೆಳೆದವರಿಗೆ ಈಜುಕೊಳದ ತಣ್ಣೀರು, ಗೋಡೆ ಮುಟ್ಟಿ ತಿರುಗುವುದು ಎಲ್ಲವೂ ಹೊಸದು. ಅದನ್ನೂ ಕಲಿತರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಅವರದಾಯಿತು, ರಿಲೇಯಲ್ಲಿ ಬೆಳ್ಳಿ ಬಂತು. 1916ರ ಒಲಿಂಪಿಕ್ಸ್ ಮಹಾಯುದ್ಧದಿಂದ ನಡೆಯಲೇ ಇಲ್ಲ. 1920ರಲ್ಲಿ ಆಂಟ್ವರ್ಪ್‌ನಲ್ಲಿ ಮತ್ತೆರಡು ಚಿನ್ನ ಗೆದ್ದರು. 1924ರಲ್ಲಿ ಪ್ಯಾರಿಸ್ಸಿನಲ್ಲಿ ಜಾನಿ ವೈಸ್‌ಮುಲ್ಲರ್ ಎಂಬ ಯುವಕನ ಹಿಂದೆ ಬೆಳ್ಳಿ ಪಡೆದಾಗ ಅವರಿಗೆ 33 ವರ್ಷ.

ಈಜಿನ ಪ್ರದರ್ಶನಕ್ಕೆಂದು ಕರೆದ ಕಡೆಗೆಲ್ಲ ಅವರು ಸರ್ಫಿಂಗನ್ನೂ ಕೊಂಡೊಯ್ದರು. 1914ರ ಕೊನೆಯಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಹೋದಾಗ ಅಲ್ಲಿನ ಮರದಲ್ಲೇ ಹಲಗೆ ಮಾಡಿಕೊಂಡು ಫ್ರೆಶ್‌ವಾಟರ್ ಬೀಚಿನಲ್ಲಿ ಅಲೆಯ ಮೇಲೆ ನಿಂತು ತೋರಿಸಿದರು. 1915ರ ಆರಂಭದಲ್ಲಿ ಇಸಬೆಲ್ ಲೆಥಮ್ ಎಂಬ ಹದಿನೈದು ವರ್ಷದ ಹುಡುಗಿಯನ್ನೂ ತಮ್ಮ ಹಲಗೆಯ ಮುಂದೆ ನಿಲ್ಲಿಸಿಕೊಂಡು ಸವಾರಿ ಮಾಡಿದರು. ಆ ಹುಡುಗಿ ಮುಂದೆ ಈಜು ಶಿಕ್ಷಕಿಯಾದಳು. ಡ್ಯೂಕ್ ಅಂದು ಮಾಡಿದ ಹಲಗೆಯನ್ನು ಫ್ರೆಶ್‌ವಾಟರ್‌ನವರು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಇಲ್ಲಿಯವರೆಗೆ ಓದಿ ನಾನು ಖುಷಿಯಲ್ಲಿದ್ದೆ. ಮುಂದಿನ ಘಟನೆ ನನ್ನನ್ನು ತಡೆದು ನಿಲ್ಲಿಸಿತು.

1925ರ ಜೂನ್ 14. ಡ್ಯೂಕ್ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬಳಿ ಗೆಳೆಯರೊಂದಿಗೆ ಬೀಚಿನಲ್ಲಿದ್ದರು. ಥೆಲ್ಮಾ ಎಂಬ ಮೀನುಗಾರಿಕೆ ದೋಣಿ ಬಂದರಿನ ಬಾಯಲ್ಲಿ ದೊಡ್ಡ ಅಲೆಗಳಿಗೆ ಸಿಕ್ಕು ಮಗುಚಿತು. ದೋಣಿಯಲ್ಲಿದ್ದವರು 29 ಜನ. ಡ್ಯೂಕ್ ಹಲಗೆ ಹಿಡಿದು ನೀರಿಗೆ ಹಾರಿದರು. ಮುಳುಗುತ್ತಿದ್ದವರನ್ನು ಹಲಗೆಯ ಮೇಲೆ ಎಳೆದು ಹಾಕಿಕೊಂಡು ದಡಕ್ಕೆ ತಂದು, ಮತ್ತೆ ಹೋಗಿ, ಮತ್ತೆ ತಂದರು. 17 ಜನ ತೀರಿಕೊಂಡರು. ಉಳಿದ 12 ಜನರಲ್ಲಿ 8 ಮಂದಿಯನ್ನು ಉಳಿಸಿದ್ದು ಡ್ಯೂಕ್ ಒಬ್ಬರೇ. ಆಟದ ಸಾಮಾನು ಎನಿಸಿಕೊಂಡಿದ್ದ ಹಲಗೆಯನ್ನು ಅಮೆರಿಕದ ಜೀವರಕ್ಷಕರು ತಮ್ಮ ಸಾಧನವಾಗಿ ಬಳಸತೊಡಗಲು ಆ ದಿನವೂ ಒಂದು ಕಾರಣವಾಯಿತು.

ಓದಿ ಪುಸ್ತಕ ಮುಚ್ಚಿದೆ. ಏಕೆಂದರೆ ನನಗೂ ಒಂದು ಗುಟ್ಟಿತ್ತು. ಕಳೆದ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಮಾಮು ಮನೆಯವರ ಜೊತೆ ಸಮುದ್ರಕ್ಕೆ ಹೋಗಿದ್ದೆ. ಬೀಚಿನ ತುಂಬ ಜನ. ಎರಡೂ ಕಡೆ ಅಲೆ ಒಡೆಯುತ್ತಿತ್ತು, ನಡುವೆ ಒಂದು ಜಾಗ ಮಾತ್ರ ಕೆರೆಯಂತೆ ಸಮತಟ್ಟಾಗಿತ್ತು. ಅಲ್ಲಿ ಅಲೆ ಇಲ್ಲ, ಅಪಾಯವಿಲ್ಲ ಎಂದುಕೊಂಡು ಇಳಿದೆ. ಕಾಲಡಿಯ ಮರಳು ಜಾರಿತು, ಮರುಕ್ಷಣ ದಡ ದೂರವಾಗಿತ್ತು. ಕೂಗಲು ಬಾಯಿ ತೆರೆದರೆ ಉಪ್ಪುನೀರು. ಒಬ್ಬ ಮೀನುಗಾರರು ನೋಡಿ, ಬಂದು, ಅಂಗಿಯ ಕೊರಳು ಹಿಡಿದು ಎಳೆತಂದರು. ಅವರ ಹೆಸರನ್ನೂ ನಾನು ಕೇಳಲಿಲ್ಲ. ಮನೆಯಲ್ಲಿ ಅಬ್ಬಾಗೂ ಹೇಳಲಿಲ್ಲ, ಅಮ್ಮಿಗೂ ಹೇಳಲಿಲ್ಲ. ಆ ಡಿಸೆಂಬರಿನಲ್ಲಿ, ಅಂದರೆ 2024ರಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ ಅಮ್ಮಿ ಅತ್ತರು. ನಾನು ಎದ್ದು ಒಳಗೆ ಹೋದೆ.

ಡ್ಯೂಕ್ ಅವರ ಬಗ್ಗೆ ಓದಿದ ರಾತ್ರಿ ಅಮ್ಮಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊದಲು ಈಜು ಕಲಿ, ಮಿಕ್ಕಿದ್ದು ಆಮೇಲೆ ಎಂದಷ್ಟೇ ಅಂದರು.

ಡ್ಯೂಕ್ ಅವರ ಉಳಿದ ಬದುಕನ್ನೂ ಹೇಳಬೇಕು. ಮೂರು ಒಲಿಂಪಿಕ್ ಚಿನ್ನ ಗೆದ್ದರೂ ಅವರು ಶ್ರೀಮಂತರಾಗಲಿಲ್ಲ. ಸಿನಿಮಾದಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು, ಪೆಟ್ರೋಲ್ ಬಂಕ್ ನಡೆಸಿದರು. ಮೈಬಣ್ಣದ ಕಾರಣಕ್ಕೆ ಅಮೆರಿಕದ ಹೋಟೆಲಿನಲ್ಲಿ ಊಟ ಕೊಡದೆ ಕಳುಹಿಸಿದ್ದೂ ಉಂಟು. 1961ರವರೆಗೆ ಹೊನೊಲುಲುವಿನ ಷೆರೀಫ್ ಆಗಿ ಜನರಿಂದ ಮತ್ತೆ ಮತ್ತೆ ಆಯ್ಕೆಯಾದರು. 1968ರ ಜನವರಿ 22ರಂದು ಹೃದಯಾಘಾತದಿಂದ ತೀರಿಕೊಂಡರು. ಅವರ ಚಿತಾಭಸ್ಮವನ್ನು ವೈಕಿಕಿಯ ಕಡಲಿಗೇ ಅರ್ಪಿಸಲಾಯಿತು. ಸರ್ಫಿಂಗ್ ಒಲಿಂಪಿಕ್ಸಿಗೆ ಸೇರಬೇಕೆಂಬುದು ಅವರ ಆಸೆಯಾಗಿತ್ತು. ಅದು ಈಡೇರಿದ್ದು 2021ರಲ್ಲಿ, ಟೋಕಿಯೊದಲ್ಲಿ.

ಈಗ ನಮ್ಮ ಹೊಸ ಪ್ಲ್ಯಾನ್. ಹಳೆಯ ಪುಟ ಹರಿದು ಹಾಕಿ, ಸರ್ ಜೊತೆ ಕುಳಿತು ಮತ್ತೆ ಬರೆದೆವು.

ಮೊದಲನೆಯದು ಈಜು. ಈಗಿನಿಂದಲೇ ವಾರಕ್ಕೆ ಮೂರು ದಿನ ಈಜುಕೊಳ. ನಿಲ್ಲದೆ ಈಜುವುದು, ಕೈಕಾಲು ಸಡಿಲ ಬಿಟ್ಟು ಬೆನ್ನ ಮೇಲೆ ತೇಲುವುದು, ಎರಡೂ ಬರಬೇಕು. ಬರದವರು ದಡದಲ್ಲಿ ಬ್ಯಾಗು ಕಾಯಬೇಕು.

ಎರಡನೆಯದು ಕಾಲ ಮತ್ತು ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರಿಗೆ ಸಮುದ್ರವಿಲ್ಲ. ನಾವು ನವೆಂಬರ್ ಎಂದು ಬರೆದುಕೊಂಡಿದ್ದೇವೆ. ಜಾಗ ಮೂಲ್ಕಿ. ಉಡುಪಿ ಮತ್ತು ಮಂಗಳೂರಿನ ನಡುವಿನ ಈ ಊರಿನಲ್ಲಿ ಸುಮಾರು ಎರಡು ದಶಕಗಳಿಂದ ಸರ್ಫಿಂಗ್ ಕಲಿಸುತ್ತಿದ್ದಾರೆ. ಪಕ್ಕದ ಸಸಿಹಿತ್ಲುವಿನಲ್ಲಿ, ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವಲ್ಲಿ, 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೇ ನಡೆದಿದೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಹೋದರೆ ಬೆಳಿಗ್ಗೆ ಅಲ್ಲಿರಬಹುದು. ಆದರೆ ಬಸ್ಸಿಳಿದು ನೇರವಾಗಿ ನೀರಿಗಿಲ್ಲ, ನಿದ್ದೆ ಮಾಡಿ ಮರುದಿನ ಮುಂಜಾನೆ.

ಮೂರನೆಯದು ಜನಜಂಗುಳಿ. ಮುಂಜಾನೆ ಗಾಳಿ ಸಾಮಾನ್ಯವಾಗಿ ದಡದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ಅಲೆ ಸಾಫಾಗಿರುತ್ತದೆ, ಜನವೂ ಕಡಿಮೆ. ಸಂಜೆ ಬೀಚು ಸ್ನಾನಕ್ಕೆ ಇಳಿದವರಿಂದ, ಮಕ್ಕಳಿಂದ ತುಂಬುತ್ತದೆ. ಅವರ ನಡುವೆ ಬೋರ್ಡು ಬಿಡುವುದೆಂದರೆ ಸಂತೆಯಲ್ಲಿ ಬೈಕು ಓಡಿಸಿದ ಹಾಗೆ. ಸ್ನಾನ ಮಾಡುವವರಿಂದ ದೂರ ಇರಬೇಕು. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ ಬಿಚ್ಚಬಾರದು. ಅಲೆ ಒಡೆಯುವ ತುದಿಗೆ ಯಾರು ಹತ್ತಿರವೋ ಆ ಅಲೆ ಅವರದು. ಕೆಂಪು ಬಾವುಟ ಹಾರಿದರೆ ಯಾರೂ ಇಳಿಯಬಾರದು.

ನಾಲ್ಕನೆಯದು ಕಲಿಕೆ. ತರಬೇತುದಾರರಿಲ್ಲದೆ ಬೋರ್ಡು ಬಾಡಿಗೆಗೆ ಪಡೆಯುವುದಿಲ್ಲ. ಹೊಸಬರಿಗೆ ಮೆತ್ತನೆಯ ಫೋಮಿನ ಉದ್ದ ಬೋರ್ಡು. ಸೊಂಟದ ಮಟ್ಟದ ನೀರಿನಲ್ಲಿ, ಒಡೆದು ಬರುವ ನೊರೆಯಲೆಯಲ್ಲೇ ಅಭ್ಯಾಸ. ನೀರಿಗೆ ಇಳಿಯುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಂತು ಅಲೆ ಎಲ್ಲಿ ಒಡೆಯುತ್ತಿದೆ, ಎಲ್ಲಿ ಒಡೆಯುತ್ತಿಲ್ಲ ಎಂದು ನೋಡಬೇಕು. ಒಡೆಯದ ಜಾಗವೇ ಹೆಚ್ಚಾಗಿ ನೀರು ಹಿಂದಕ್ಕೆ ಹರಿಯುವ ದಾರಿ. ಅದರಲ್ಲಿ ಸಿಕ್ಕರೆ ದಡದ ಕಡೆಗೆ ಗುದ್ದಾಡಿ ಸುಸ್ತಾಗಬಾರದು. ತೇಲಬೇಕು, ಕೈ ಎತ್ತಿ ಸಹಾಯ ಕೇಳಬೇಕು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು, ಅಲೆಯ ಜೊತೆಗೆ ದಡ ಸೇರಬೇಕು. ಇದು ಕಳೆದ ವರ್ಷ ನನಗೆ ಗೊತ್ತಿರಲಿಲ್ಲ.

ಡ್ಯೂಕ್ ಆ ದಿನ ಎಂಟು ಜನರನ್ನು ಉಳಿಸಲು ಸಾಧ್ಯವಾದದ್ದು ಅವರು ಬಲಶಾಲಿಯಾಗಿದ್ದರು ಎಂಬುದರಿಂದ ಮಾತ್ರವಲ್ಲ. ಅಲೆಯ ಮೇಲೆ ನಿಲ್ಲುವುದಕ್ಕೆ ಮೊದಲು ಅವರು ಬಾಲ್ಯವಿಡೀ ನೀರನ್ನು ಓದಿದ್ದರು. ನಮಗೆ ಅಷ್ಟು ವರ್ಷಗಳಿಲ್ಲ. ಮೂರು ತಿಂಗಳಾದರೂ ಕೊಡೋಣ.

ಐವರಲ್ಲಿ ಮೂವರ ಮನೆಯಲ್ಲಿ ಒಪ್ಪಿಗೆ ಸಿಕ್ಕಿದೆ. ಇನ್ನಿಬ್ಬರ ಮನೆಗೆ ಸರ್ ಅವರೇ ಬಂದು ಮಾತಾಡುತ್ತಾರೆ. ಜೊತೆಗೆ ಬರಬಯಸುವವರು ದೈಹಿಕ ಶಿಕ್ಷಣ ವಿಭಾಗದಲ್ಲಿ ಹೆಸರು ಕೊಡಬಹುದು. ಹೆಸರಿನ ಮುಂದೆ ಈಜು ಬರುತ್ತದೆಯೋ ಇಲ್ಲವೋ ಎಂದು ನಿಜವಾಗಿ ಬರೆಯಿರಿ. ನನ್ನ ಹೆಸರಿನ ಮುಂದೆ, ಕಲಿಯುತ್ತಿದ್ದೇನೆ ಎಂದು ಬರೆದಿದೆ.