ಎಡಿಸನ್ನರ ಹತ್ತು ವರ್ಷಗಳ ತಪಸ್ಸು

ಥಾಮಸ್ ಆಲ್ವಾ ಎಡಿಸನ್ ಎಂದೊಡನೆ ನಮ್ಮೆಲ್ಲರ ಕಣ್ಣಮುಂದೆ ನಿಲ್ಲುವುದು ವಿದ್ಯುದ್ದೀಪ. ತರಗತಿಯಲ್ಲಿ ಅವರ ಪಾಠ ಮಾಡುವಾಗ ನಾವೂ ಬಹುಕಾಲ ದೀಪದ ಕಥೆಯನ್ನಷ್ಟೇ ಹೇಳಿ ಮುಗಿಸುತ್ತಿದ್ದೆವು. ಆದರೆ ಆ ಮಹನೀಯರು ದೀಪಕ್ಕಿಂತ ಎಷ್ಟೋ ಹೆಚ್ಚು ಕಾಲ ಬೆವರು ಸುರಿಸಿದ್ದು ಬೇರೊಂದು ವಸ್ತುವಿಗಾಗಿ. ಅದು ಬ್ಯಾಟರಿ.

ಈಚಿನ ವರ್ಷಗಳಲ್ಲಿ ಪೆಟ್ರೋಲಿನಿಂದಲೂ ಓಡುವ, ಮನೆಯ ಪ್ಲಗ್ಗಿನಿಂದ ವಿದ್ಯುತ್ತನ್ನೂ ತುಂಬಿಸಿಕೊಂಡು ಓಡುವ ಕಾರುಗಳು ಬಂದಿವೆ. ಅವುಗಳಿಗೆ ಪ್ಲಗ್-ಇನ್ ಹೈಬ್ರಿಡ್ ಎಂದು ಹೆಸರು. ಅಂಥ ಕಾರನ್ನು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆಗಳು ಎರಡು: ಬ್ಯಾಟರಿ ಎಷ್ಟು ದೂರ ಒಯ್ಯುತ್ತದೆ? ಎಷ್ಟು ವರ್ಷ ಬಾಳುತ್ತದೆ? ಇದೇ ಎರಡು ಪ್ರಶ್ನೆಗಳು ನೂರು ವರ್ಷಗಳಿಗೂ ಹಿಂದೆ ಎಡಿಸನ್ನರ ನಿದ್ದೆಗೆಡಿಸಿದ್ದವು.

ಎಡಿಸನ್ನರು ಹುಟ್ಟಿದ್ದು 1847ನೆಯ ಇಸವಿ ಫೆಬ್ರವರಿ 11ರಂದು, ಅಮೆರಿಕದ ಓಹಾಯೋ ಸಂಸ್ಥಾನದ ಮಿಲನ್ ಎಂಬ ಊರಿನಲ್ಲಿ. ಶಾಲೆಯಲ್ಲಿ ಅವರು ಕಲಿತದ್ದು ಕೆಲವೇ ತಿಂಗಳು. ಗುರುಗಳು ಹುಡುಗನನ್ನು ಮಂದಮತಿಯೆಂದು ಬಗೆದಾಗ, ಹಿಂದೆ ತಾವೇ ಶಿಕ್ಷಕಿಯಾಗಿದ್ದ ತಾಯಿ ನ್ಯಾನ್ಸಿ ಅವನನ್ನು ಮನೆಯಲ್ಲೇ ಕೂರಿಸಿಕೊಂಡು ಓದಿಸಿದರು. ಹನ್ನೆರಡರ ವಯಸ್ಸಿಗೆ ಬಾಲಕ ರೈಲಿನಲ್ಲಿ ಪತ್ರಿಕೆ, ತಿಂಡಿ ಮಾರುವ ಕೆಲಸಕ್ಕೆ ಸೇರಿದ. ಅದೇ ರೈಲಿನ ಸಾಮಾನು ಡಬ್ಬಿಯಲ್ಲಿ ಪುಟ್ಟ ಪ್ರಯೋಗಶಾಲೆಯನ್ನೂ ಹೂಡಿದ. ಎಳವೆಯಲ್ಲೇ ಕಿವಿ ಮಂದವಾಯಿತು. ಆದರೆ ಕುತೂಹಲ ಮಂದವಾಗಲಿಲ್ಲ. ಮುಂದೆ ತಂತಿ ಕಚೇರಿಗಳಲ್ಲಿ ದುಡಿಯುತ್ತ ವಿದ್ಯುತ್ತಿನ ಮರ್ಮವನ್ನು ಕಲಿತರು. 1877ರಲ್ಲಿ ಧ್ವನಿಲೇಖ ಯಂತ್ರ, 1879ರಲ್ಲಿ ಬಹುಹೊತ್ತು ಉರಿಯುವ ದೀಪ, 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುದಾಗಾರ - ಹೀಗೆ ಕೀರ್ತಿ ಅವರನ್ನು ಅರಸಿಕೊಂಡು ಬಂದಿತು.

ಐವತ್ತು ದಾಟಿ, ಹಣ-ಹೆಸರು ಎರಡೂ ಕೈಗೂಡಿದ ಮೇಲೆ ಯಾರಾದರೂ ವಿಶ್ರಾಂತಿ ಬಯಸುತ್ತಾರೆ. ಎಡಿಸನ್ನರು ಬಯಸಲಿಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಮೋಟಾರು ವಾಹನಗಳಲ್ಲಿ 1,500ಕ್ಕೂ ಹೆಚ್ಚು ವಿದ್ಯುತ್ತಿನಿಂದ ಓಡುವಂಥವು. ಅವುಗಳಲ್ಲಿದ್ದುದು ಸೀಸದ ಫಲಕಗಳ, ಗಂಧಕಾಮ್ಲ ತುಂಬಿದ ಬ್ಯಾಟರಿ. ಅದು ಬಲು ಭಾರ; ಪೂರ್ತಿ ಬರಿದುಮಾಡಿದರೆ ಬೇಗ ಕೆಡುತ್ತಿತ್ತು. ಹಗುರವಾಗಿ, ಗಟ್ಟಿಯಾಗಿ, ಬಹುವರ್ಷ ಬಾಳುವ ಬ್ಯಾಟರಿಯೊಂದನ್ನು ತಾವು ಕೊಡಬೇಕೆಂದು 1899ರ ಸುಮಾರಿಗೆ ಅವರು ಸಂಕಲ್ಪ ಮಾಡಿದರು. ಆಗ ಅವರಿಗೆ ಐವತ್ತೆರಡು ವಯಸ್ಸು.

ಆಮ್ಲವನ್ನು ಬಿಟ್ಟು ಅವರು ಕ್ಷಾರವನ್ನು ಹಿಡಿದರು. ಸಾವಿರಾರು ಪ್ರಯೋಗಗಳ ತರುವಾಯ ಒಂದು ಕಡೆ ನಿಕ್ಕಲ್, ಇನ್ನೊಂದು ಕಡೆ ಕಬ್ಬಿಣ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ ಎಂಬ ಏರ್ಪಾಡು ನಿಂತಿತು. ಅದೇ ಕಾಲದಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಎಂಬ ವಿಜ್ಞಾನಿಯೂ ಇದೇ ಹಾದಿಯಲ್ಲಿ ನಡೆದಿದ್ದರೆಂಬುದನ್ನು ಮರೆಯಬಾರದು. ಇಬ್ಬರ ನಡುವೆ ಹಕ್ಕಿಗಾಗಿ ವ್ಯಾಜ್ಯವೂ ನಡೆಯಿತು.

1903ರಲ್ಲಿ ಎಡಿಸನ್ನರ ಬ್ಯಾಟರಿ ಮಾರುಕಟ್ಟೆಗೆ ಬಂದಿತು. ಕಾರ್ಖಾನೆ ಸಿದ್ಧವಾಗಿತ್ತು, ಪ್ರಚಾರ ಭರದಿಂದ ಸಾಗಿತ್ತು, ಕೊಳ್ಳುವವರೂ ಇದ್ದರು. ಆದರೆ ಕೆಲವು ತಿಂಗಳಲ್ಲೇ ದೂರುಗಳು ಬರತೊಡಗಿದವು. ಡಬ್ಬಿಯ ಬೆಸುಗೆ ಬಿಟ್ಟು ದ್ರಾವಣ ಸೋರುತ್ತಿತ್ತು. ಅದಕ್ಕಿಂತ ದೊಡ್ಡ ಕುಂದೆಂದರೆ, ದಿನ ಕಳೆದಂತೆ ಬ್ಯಾಟರಿಯ ಶಕ್ತಿ ಕುಗ್ಗುತ್ತಿತ್ತು. ಮಾರಾಟವನ್ನು ಮುಂದುವರಿಸಿದ್ದರೆ ಲಾಭಕ್ಕೇನೂ ಕೊರತೆಯಿರಲಿಲ್ಲ. ಎಡಿಸನ್ನರು ಹಾಗೆ ಮಾಡಲಿಲ್ಲ. ತಯಾರಿಕೆಯನ್ನೇ ನಿಲ್ಲಿಸಿದರು, ಕೆಟ್ಟ ಬ್ಯಾಟರಿಗಳನ್ನು ಮರಳಿ ತೆಗೆದುಕೊಂಡರು, ಮತ್ತೆ ಮೊದಲಿನಿಂದ ಪ್ರಯೋಗಕ್ಕೆ ಕುಳಿತರು.

ತಪ್ಪು ಎಲ್ಲಿತ್ತು? ನಿಕ್ಕಲ್ ಸಂಯುಕ್ತದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯಲೆಂದು ಅವರು ಅದಕ್ಕೆ ಗ್ರಾಫೈಟ್ ಬೆರೆಸಿದ್ದರು. ಬಳಸುತ್ತ ಹೋದಂತೆ ಆ ಗ್ರಾಫೈಟ್ ಕೆಡುತ್ತಿತ್ತು. ಅದರ ಬದಲು ಶುದ್ಧ ನಿಕ್ಕಲಿನ ಅತಿ ತೆಳುವಾದ ಚೂರುಗಳನ್ನು ಬಳಸಲು ಎಡಿಸನ್ನರು ನಿಶ್ಚಯಿಸಿದರು. ತಾಮ್ರ ಮತ್ತು ನಿಕ್ಕಲ್ಲುಗಳನ್ನು ಒಂದರ ಮೇಲೊಂದು ಪದರವಾಗಿ ಲೇಪಿಸಿ, ಅನಂತರ ತಾಮ್ರವನ್ನು ಮಾತ್ರ ಕರಗಿಸಿ ತೆಗೆದರೆ ಅಂಥ ಚೂರುಗಳು ಸಿಗುತ್ತಿದ್ದವು. ಅವನ್ನು ರಂಧ್ರಗಳುಳ್ಳ ಉಕ್ಕಿನ ಕೊಳವೆಗಳಲ್ಲಿ ಬಿಗಿಯಾಗಿ ತುಂಬಿದರು. ದ್ರಾವಣಕ್ಕೆ ಸ್ವಲ್ಪ ಲಿಥಿಯಂ ಹೈಡ್ರಾಕ್ಸೈಡ್ ಸೇರಿಸಿದಾಗ ಬ್ಯಾಟರಿಯ ಶಕ್ತಿಯೂ ಆಯುಷ್ಯವೂ ಹೆಚ್ಚಿದವು. ಸಿದ್ಧವಾದ ಬ್ಯಾಟರಿಗಳನ್ನು ಮಾಳಿಗೆಯಿಂದ ಕೆಳಕ್ಕೆ ಬೀಳಿಸಿ, ಕಾರುಗಳಲ್ಲಿಟ್ಟು ಹಾಳು ರಸ್ತೆಗಳಲ್ಲಿ ಓಡಿಸಿ ಪರೀಕ್ಷಿಸಿದರು.

1909ರಲ್ಲಿ ಹೊಸ ಬ್ಯಾಟರಿ ಹೊರಬಂದಿತು. ಹತ್ತು ವರ್ಷಗಳ ತಪಸ್ಸು ಫಲಿಸಿತ್ತು. ಆದರೆ ಕಾಲ ಅವರಿಗಾಗಿ ಕಾದಿರಲಿಲ್ಲ. ಹಿಂದಿನ ವರ್ಷವೇ ಹೆನ್ರಿ ಫೋರ್ಡ್ ತಮ್ಮ ಪೆಟ್ರೋಲ್ ಕಾರನ್ನು ಬೀದಿಗಿಳಿಸಿದ್ದರು. ಎಡಿಸನ್ ಕಂಪನಿಯೊಂದರ ಎಂಜಿನಿಯರಾಗಿದ್ದ ಈ ಫೋರ್ಡರಿಗೆ 1896ರಲ್ಲಿ ಬೆನ್ನುತಟ್ಟಿ ಪೆಟ್ರೋಲ್ ವಾಹನದ ಕೆಲಸವನ್ನು ಮುಂದುವರಿಸಲು ಹೇಳಿದವರು ಸ್ವತಃ ಎಡಿಸನ್ನರೇ! 1912ರಲ್ಲಿ ಕೈಯಿಂದ ತಿರುವದೆ, ವಿದ್ಯುತ್ತಿನಿಂದಲೇ ಎಂಜಿನ್ನನ್ನು ಚಾಲೂಮಾಡುವ ಸಾಧನ ಬಂದಿತು. ಅದಕ್ಕೆ ಒಂದು ಕ್ಷಣ ಭಾರಿ ವಿದ್ಯುತ್ತು ಬೇಕು. ಆ ಕೆಲಸಕ್ಕೆ ಅಗ್ಗದ ಸೀಸದ ಬ್ಯಾಟರಿಯೇ ಮೇಲಾಯಿತು. ಎಡಿಸನ್ನರ ಬ್ಯಾಟರಿ ದುಬಾರಿ. ಚಳಿಯಲ್ಲಿ ಅದರ ಕಸುವು ತಗ್ಗುತ್ತಿತ್ತು. ಇನ್ನೊಂದು ದುರಂತವನ್ನೂ ಹೇಳದೆ ಬಿಡಲಾಗದು. ತುಂಬಿಸುವಾಗ ಈ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. 1916ರ ಜನವರಿಯಲ್ಲಿ ಇದನ್ನು ಅಳವಡಿಸಿದ್ದ ಅಮೆರಿಕದ ಇ-2 ಎಂಬ ಜಲಾಂತರ್ಗಾಮಿಯಲ್ಲಿ ಆ ಅನಿಲ ಸಿಡಿದು ಪ್ರಾಣಹಾನಿಯಾಯಿತು.

ಇಷ್ಟಾದರೂ ಅವರ ಶ್ರಮ ವ್ಯರ್ಥವಾಗಲಿಲ್ಲ. ಗಣಿ ಕೆಲಸಗಾರರ ತಲೆದೀಪ, ರೈಲ್ವೆ ಸಂಕೇತ, ರೈಲುಡಬ್ಬಿಯ ಬೆಳಕು, ಸರಕು ಸಾಗಿಸುವ ಗಾಡಿ - ಎಲ್ಲಿ ದೀರ್ಘಕಾಲದ ಬಾಳಿಕೆ ಬೇಕಿತ್ತೋ ಅಲ್ಲೆಲ್ಲ ಆ ಬ್ಯಾಟರಿ ದಶಕಗಟ್ಟಲೆ ದುಡಿಯಿತು. 1931ರ ಅಕ್ಟೋಬರ್ 18ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಎಡಿಸನ್ನರು ಕಣ್ಮುಚ್ಚಿದರು.

ಅವರು ಕಂಡ ಕನಸು ಮಾತ್ರ ಸಾಯಲಿಲ್ಲ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್ ಎಂಬ ಹೈಬ್ರಿಡ್ ಕಾರಿನ ಬ್ಯಾಟರಿಯಲ್ಲಿ ನಿಕ್ಕಲ್ಲೂ ಪೊಟ್ಯಾಸಿಯಂ ಕ್ಷಾರವೂ ಇದ್ದವು. ಪ್ಲಗ್-ಇನ್ ಕಾರುಗಳಿಗೆ ಈಗ ಸಾಮಾನ್ಯವಾಗಿ ಬಳಸುವುದು ಲಿಥಿಯಂ-ಅಯಾನ್ ಬ್ಯಾಟರಿ. ಅದರ ರಚನೆ ಬೇರೆ. ಸಮಸ್ಯೆ ಮಾತ್ರ ಹಳೆಯದೇ. ಬಿಸಿಲಿನ ಬೇಗೆ ಅದರ ಆಯುಷ್ಯವನ್ನು ತಿನ್ನುತ್ತದೆ. ಚಳಿ ಅದರ ಓಟವನ್ನು ತಗ್ಗಿಸುತ್ತದೆ. ಕಂಠಮಟ್ಟ ತುಂಬಿಸುವುದೂ ತಳಮುಟ್ಟ ಬರಿದುಮಾಡುವುದೂ ಅದಕ್ಕೆ ಒಗ್ಗದು. ಪ್ಲಗ್-ಇನ್ ಕಾರಿನ ಬ್ಯಾಟರಿ ಪೂರ್ಣ ವಿದ್ಯುತ್ ಕಾರಿನದಕ್ಕಿಂತ ಚಿಕ್ಕದು. ಆದ್ದರಿಂದ ದಿನವೂ ಅದು ಹೆಚ್ಚು ಪಾಲು ಬರಿದಾಗಿ ಮತ್ತೆ ತುಂಬಬೇಕಾಗುತ್ತದೆ. ಇದನ್ನರಿತೇ 2010ರಲ್ಲಿ ಅಮೆರಿಕದಲ್ಲಿ ಬಂದ ಷೆವರ್ಲೆ ವೋಲ್ಟ್ ಕಾರಿನಲ್ಲಿ 16 ಯೂನಿಟ್ ವಿದ್ಯುತ್ತು ಹಿಡಿಯುವ ಬ್ಯಾಟರಿಯನ್ನಿಟ್ಟು, ಬಳಕೆಗೆ ಸುಮಾರು 10 ಯೂನಿಟ್ಟನ್ನಷ್ಟೇ ಬಿಟ್ಟುಕೊಟ್ಟರು. ಉಳಿದದ್ದು ಅದರ ದೀರ್ಘಾಯುಷ್ಯಕ್ಕೆ ಮೀಸಲು.

ವಿದ್ಯಾರ್ಥಿಮಿತ್ರರೇ, ಹೊಸ ಬ್ಯಾಟರಿ ಮೊದಲ ದಿನ ಚೆನ್ನಾಗಿ ಓಡುವುದು ಹೆಚ್ಚಲ್ಲ. ಸಾವಿರದ ದಿನವೂ ಓಡಬೇಕು. ತಮ್ಮ ವಸ್ತು ಹಾಗೆ ಓಡುತ್ತಿಲ್ಲವೆಂದು ಕಂಡಾಗ ಎಡಿಸನ್ನರು ಲೋಕದ ಮುಂದೆ ತಪ್ಪೊಪ್ಪಿಕೊಂಡು ಅಂಗಡಿ ಮುಚ್ಚಿದರು, ತಿದ್ದಿಕೊಂಡು ಮತ್ತೆ ತೆರೆದರು. ದೀಪ ಬೆಳಗಿಸಿದ ಎಡಿಸನ್ನರಿಗೆ ನಾವು ಕೈಮುಗಿಯುತ್ತೇವೆ. ಬಾಗಿಲು ಮುಚ್ಚಿ ಮತ್ತೆ ಮೊದಲಿನಿಂದ ಕಲಿತ ಈ ಎಡಿಸನ್ನರನ್ನೂ, ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಕಂಡ ದಿನ, ನಾವು-ನೀವೆಲ್ಲ ನೆನೆಯೋಣ.