ವರವು ಕಾವಲಿನ ಹುಡುಗರ ಕೈಗೆ ಮೊದಲು ತರಾಸು ಕೊಡಿ

ಬೇಸಿಗೆ ರಜೆ ಹತ್ತಿರ ಬಂತು ಅಂದ್ರೆ ಫೋನಿಗೆ ಪಟ್ಟಿಗಳು ಬರೋಕೆ ಶುರುವಾಗುತ್ತವೆ. ಮಕ್ಕಳು ಓದಲೇಬೇಕಾದ 10 ಕಾದಂಬರಿಗಳು, 25 ಕಾದಂಬರಿಗಳು. ಟ್ರೆಷರ್ ಐಲ್ಯಾಂಡ್, ರಾಬಿನ್ಸನ್ ಕ್ರೂಸೋ, ಗಲಿವರ್‌ನ ಯಾತ್ರೆ, ಟಾಮ್ ಸಾಯರ್. ಎಲ್ಲವೂ ಒಳ್ಳೆಯವೇ, ನನ್ನದೇನೂ ತಕರಾರಿಲ್ಲ. ಆದರೆ ನಾನು ಪುಸ್ತಕ ಹಿಡಿದು ಹೋಗೋದು ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ವರವು ಕಾವಲಿನ ಸುತ್ತಲ ಹಟ್ಟಿಗಳಿಗೆ. ಅಲ್ಲಿನ ಎಂಟು, ಒಂಬತ್ತನೇ ಕ್ಲಾಸಿನ ಹುಡುಗ ಹುಡುಗಿಯರಿಗೆ ಮೊದಲ ಕಾದಂಬರಿ ಯಾವುದು ಕೊಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಒಂದೇ ಹೆಸರು: ತರಾಸು.

ತಕ್ಷಣ ಆಕ್ಷೇಪ ಬರುತ್ತೆ. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಮಕ್ಕಳ ಲೇಖಕರಲ್ಲವಲ್ಲ ಅಂತ. ಹೌದು, ಅಲ್ಲ. ಆದರೆ ಕ್ರೂಸೋ ಬಂದದ್ದು 1719ರಲ್ಲಿ, ಗಲಿವರ್ 1726ರಲ್ಲಿ. ಅವೆರಡನ್ನೂ ಬರೆದದ್ದು ದೊಡ್ಡವರಿಗಾಗಿ. ಗಲಿವರ್ ಅಂತೂ ಅಪ್ಪಟ ರಾಜಕೀಯ ವಿಡಂಬನೆ. ಮಕ್ಕಳು ಅವನ್ನು ಕಿತ್ತುಕೊಂಡು ತಮ್ಮದಾಗಿಸಿಕೊಂಡರು, ಅಷ್ಟೇ. ಕನ್ನಡದಲ್ಲಿ ಹಾಗೆ ಹದಿಹರೆಯದವರು ಕಿತ್ತುಕೊಂಡ ಕಾದಂಬರಿಗಳು ಅಂದರೆ ತರಾಸು ಅವರ ದುರ್ಗದ ಕಾದಂಬರಿಗಳು. ಪಠ್ಯಪುಸ್ತಕದ ನಡುವೆ ಮುಚ್ಚಿಟ್ಟುಕೊಂಡು, ಸೀಮೆಎಣ್ಣೆ ದೀಪದ ಹೊಗೆಯಲ್ಲಿ ಓದಿದ ಒಂದು ತಲೆಮಾರೇ ಇದೆ.

ತರಾಸು ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಮಲೆಬೆನ್ನೂರಿನಲ್ಲಿ. ಆದರೆ ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಹೆಸರಿನ ಮೊದಲ ಅಕ್ಷರದಲ್ಲಿ ಕೂತಿರೋದು ಇದೇ ಊರು. ತಂದೆ ರಾಮಸ್ವಾಮಯ್ಯ ಹರಿಹರದಲ್ಲಿ ವಕೀಲರು, ತಾಯಿ ಸೀತಮ್ಮ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕ, ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರು ಇವರ ದೊಡ್ಡಪ್ಪ. ಕುವೆಂಪು ರಾಮಾಯಣ ದರ್ಶನವನ್ನು ಅರ್ಪಿಸಿದ್ದು ಅವರಿಗೇ. ಇನ್ನೊಬ್ಬರು ತ.ಸು. ಶಾಮರಾಯರು, ಅವರೂ ಕನ್ನಡದ ಮೇಷ್ಟ್ರು.

ಇಷ್ಟೆಲ್ಲ ಕನ್ನಡ ಪಾಂಡಿತ್ಯದ ಈ ಮನೆಯ ಮಾತು ತೆಲುಗು. ಇದನ್ನು ನಾನು ಹಟ್ಟಿಯ ಮಕ್ಕಳಿಗೆ ಯಾವಾಗಲೂ ಮೊದಲು ಹೇಳ್ತೀನಿ. ಯಾಕಂದ್ರೆ ಈ ಸೀಮೆಯ ಮ್ಯಾಸಬೇಡರ ಮಕ್ಕಳೂ ಮನೆಯಲ್ಲಿ ಆಡೋದು ತೆಲುಗು, ಶಾಲೆಯಲ್ಲಿ ಬರೆಯೋದು ಕನ್ನಡ. ತಮ್ಮ ಕನ್ನಡ ಸರಿಯಿಲ್ಲ ಅಂತ ನಾಚಿಕೊಂಡು ಬಾಯಿ ಬಿಡದ ಎಷ್ಟೋ ಹುಡುಗರು ಅಲ್ಲಿದ್ದಾರೆ. ಕನ್ನಡದ ಮೊದಲ ಪ್ರೊಫೆಸರು, ಕನ್ನಡದ ಅತ್ಯಂತ ಜನಪ್ರಿಯ ಕಾದಂಬರಿಕಾರರಲ್ಲಿ ಒಬ್ಬರು, ಇಬ್ಬರೂ ಪಕ್ಕದ ತಳುಕಿನ ತೆಲುಗು ಮನೆಯವರು ಅಂದಾಗ ಆ ಮುಖಗಳಲ್ಲಿ ಆಗುವ ಬದಲಾವಣೆಯನ್ನು ಯಾವ ಭಾಷಾ ನೀತಿಯೂ ತರಲಾರದು.

ತರಾಸು ಬರೆದ ಮೊದಲ ಕಥೆ ಒಂದು ಚೆಂಡಿನದು. ಇನ್ನೂ ಮೀಸೆ ಮೂಡುತ್ತಿದ್ದ ವಯಸ್ಸು, ಕಥೆ ಬರೆದು ತೋರಿಸ್ತೀನಿ ಅಂತ ದೊಡ್ಡಪ್ಪನ ಹತ್ತಿರ ಪಂತ ಕಟ್ಟಿ ಬರೆದದ್ದಂತೆ. ಹೆಸರು ಪುಟ್ಟನ ಚೆಂಡು. ಪುಟ್ಟನಿಗೆ ರಬ್ಬರ್ ಚೆಂಡಿನ ಆಸೆ. ಅದರ ಬೆಲೆ ಕೆಲವೇ ಆಣೆ. ಅಪ್ಪನ ಹತ್ತಿರ ಅಷ್ಟೂ ಇಲ್ಲ. ಅದನ್ನು ಓದಿ ವೆಂಕಣ್ಣಯ್ಯನವರ ಕಣ್ಣು ಒದ್ದೆಯಾಯಿತು ಅಂತ ಹೇಳುತ್ತಾರೆ. ನನಗೆ ಇದು ಬರೀ ಒಂದು ಸಂಗತಿಯಾಗಿ ಕಾಣಲ್ಲ. ಮುಂದೆ ಅರಮನೆ, ದಳವಾಯಿ, ಕತ್ತಿ, ಕೋಟೆ ಅಂತ ಸಾವಿರಾರು ಪುಟ ಬರೆದ ಮನುಷ್ಯ ಶುರು ಮಾಡಿದ್ದು ಕೊಳ್ಳಲಾಗದ ಒಂದು ಚೆಂಡಿನಿಂದ. ಸಿಗದೇ ಹೋದದ್ದರ ಕಥೆ ಅವರಿಗೆ ಕೊನೆವರೆಗೂ ಬಿಡಲಿಲ್ಲ.

ಇಂಟರ್‌ಮೀಡಿಯೆಟ್‌ಗೆ ಓದು ನಿಂತಿತು. ಸ್ವಾತಂತ್ರ್ಯ ಚಳವಳಿಗೆ ಇಳಿದರು, ಬಂಧನಕ್ಕೂ ಒಳಗಾದರು. ಆಮೇಲೆ ಪತ್ರಿಕೆಗಳ ಕೆಲಸ, ಕೊನೆಗೆ ಬರವಣಿಗೆಯನ್ನೇ ನಂಬಿದ ಬದುಕು. ಅ.ನ.ಕೃ., ನಿರಂಜನ, ಬಸವರಾಜ ಕಟ್ಟೀಮನಿ, ಚದುರಂಗರ ಜೊತೆ ಪ್ರಗತಿಶೀಲ ಚಳವಳಿಯ ಮುಂಚೂಣಿಯಲ್ಲಿದ್ದರು. ಸಾಹಿತ್ಯ ಪಂಡಿತರ ಪಡಸಾಲೆಯಲ್ಲಿ ಇರಬಾರದು, ಬಸ್‌ಸ್ಟ್ಯಾಂಡಿನಲ್ಲಿ ಕಾಯುವವನ ಕೈಗೆ ಬರಬೇಕು ಅನ್ನೋದು ಆ ಗುಂಪಿನ ಹಟ. ವಿಮರ್ಶಕರು ಇವರನ್ನು ಆವೇಶದವರು, ಅವಸರದವರು ಅಂತ ಬದಿಗೆ ಸರಿಸಿದ್ದೂ ಉಂಟು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. 60ಕ್ಕೂ ಹೆಚ್ಚು ಕಾದಂಬರಿ ಬರೆದವರ ಎಲ್ಲವೂ ಒಂದೇ ತೂಕದ್ದಾಗಿರಲ್ಲ. ಆದರೆ ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದವರ ಸಾಲಿನಲ್ಲಿ ಇವರನ್ನು ಬಿಟ್ಟು ಲೆಕ್ಕ ಹಾಕೋಕಾಗಲ್ಲ.

ಇನ್ನು ದುರ್ಗದ ಕಾದಂಬರಿಗಳು. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಒಂದರ ಬೆನ್ನಿಗೆ ಒಂದು ಹೆಣೆದುಕೊಂಡ ಮೂರು. ಜೊತೆಗೆ ಹೊಸಹಗಲು, ವಿಜಯೋತ್ಸವ, ರಾಜ್ಯದಾಹ, ಕಸ್ತೂರಿ ಕಂಕಣ. ಕೊನೆಗೆ 1982ರಲ್ಲಿ ದುರ್ಗಾಸ್ತಮಾನ. ಒಟ್ಟು ಎಂಟು. ಹೆಸರುಗಳನ್ನೇ ನೋಡಿ: ಕಂಬನಿ, ರಕ್ತ, ದಾಹ, ಅಸ್ತಮಾನ. ಊರಿನ ವೈಭವ ಹಾಡಿ ಹೊಗಳೋಕೆ ಕೂತವರು ಇಡೋ ಹೆಸರುಗಳಲ್ಲ ಇವು. ದಳವಾಯಿ ಮುದ್ದಣ್ಣನ ಅಧಿಕಾರದ ಹಸಿವು, ಅರಮನೆಯೊಳಗೇ ನಡೆಯುವ ಸಂಚು, ಪಟ್ಟಕ್ಕೆ ಕೂರಿಸುವವರೇ ಇಳಿಸುವವರೂ ಆಗುವ ಆಟ. ಈಗಿನ ರೆಸಾರ್ಟ್ ರಾಜಕಾರಣ ನೋಡಿ ಬೆಳೆದ ಹುಡುಗರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ಅವರು ಒಂದೇ ಗುಕ್ಕಿಗೆ ಓದ್ತಾರೆ, ಆಮೇಲೆ ಮುದ್ದಣ್ಣನಿಗೆ ತಮ್ಮೂರಿನ ಯಾರದೋ ಹೆಸರು ಇಟ್ಟುಕೊಂಡು ನಗ್ತಾರೆ.

ಇಲ್ಲಿ ನನ್ನ ಮುಖ್ಯ ತಕರಾರಿಗೆ ಬರ್ತೀನಿ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ಚುನಾವಣೆ ಬಂದರೆ ಮದಕರಿ ನಾಯಕರ ಹೆಸರಿಲ್ಲದೆ ಭಾಷಣ ಮುಗಿಯಲ್ಲ. ಈಚೆಗೆ ಅದರ ಜೊತೆ ಇನ್ನೊಂದು ಸೇರಿದೆ: ದುರ್ಗದ ಕಥೆಯನ್ನು ಹಿಂದೂ ಪಾಳೆಯಗಾರ ಮತ್ತು ಮುಸ್ಲಿಂ ನವಾಬನ ಕಥೆಯಾಗಿ ಇಳಿಸೋದು. ಒಂದೂವರೆ ನಿಮಿಷದ ರೀಲ್‌ನಲ್ಲಿ ಅದು ಮುಗಿದೂ ಹೋಗುತ್ತೆ. ಹದಿನಾಲ್ಕರ ಹುಡುಗನಿಗೆ ಮದಕರಿ ಮೊದಲು ಸಿಗೋದು ಅಲ್ಲಿ, ಒಬ್ಬ ಶತ್ರುವಿನ ಸಮೇತ.

ದುರ್ಗಾಸ್ತಮಾನ ಓದಿದವನಿಗೆ ಈ ರೀಲ್ ಸಾಕಾಗಲ್ಲ. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬಿತ್ತು, ನಿಜ. ಕೋಟೆ ಬಿದ್ದ ಮೇಲೆ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದೂ ಗೆಜೆಟಿಯರುಗಳಲ್ಲಿದೆ. ಅದನ್ನು ಮುಚ್ಚಿಟ್ಟು ಮಕ್ಕಳಿಗೆ ಇತಿಹಾಸ ಕಲಿಸೋದು ಬೇಡ. ಆದರೆ ಅದಕ್ಕೂ ಮುಂಚೆ ಇದೇ ಮದಕರಿ ಹೈದರನ ಪರವಾಗಿ ದಂಡಯಾತ್ರೆಗಳಿಗೆ ಹೋದವನು. ನಡುವೆ ಮರಾಠರಿದ್ದರು, ಸುತ್ತಲ ಪಾಳೆಯಗಾರರಿದ್ದರು, ಎಲ್ಲರಿಗೂ ಲೆಕ್ಕಾಚಾರಗಳಿದ್ದವು. ತರಾಸು ತಮ್ಮ ನಾಯಕನನ್ನು ತುಂಬಾ ಪ್ರೀತಿಸ್ತಾರೆ, ಮರೆಮಾಚಲ್ಲ. ಪ್ರೀತಿಸುತ್ತಲೇ ಅವನ ಹಟ, ತಪ್ಪು, ಅವನ ಸುತ್ತಲಿನವರ ಒಳಜಗಳ ಎಲ್ಲವನ್ನೂ ಬಯಲಿಗೆ ಎಳೀತಾರೆ. ಕೊನೆಯ ಪುಟ ಮುಚ್ಚಿದಾಗ ಹುಡುಗನಿಗೆ ಅಳು ಬರುತ್ತೆ, ಆದರೆ ಯಾರನ್ನು ಹೊಡೀಬೇಕು ಅಂತ ಗೊತ್ತಾಗಲ್ಲ. ಆ ಗೊತ್ತಾಗದಿರುವಿಕೆ ನನಗೆ ಬೇಕು.

ಹಂಸಗೀತೆಯ ವಿಷಯದಲ್ಲಿ ಸ್ವಲ್ಪ ಎಚ್ಚರ. ಟಿಪ್ಪುವಿನ ಮುಂದೆ ಹಾಡಲಾರದೆ ನಾಲಗೆಯನ್ನೇ ಕತ್ತರಿಸಿಕೊಂಡ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ಹಿಂದಿಯಲ್ಲಿ 1956ರ ಬಸಂತ್ ಬಹಾರ್, ಕನ್ನಡದಲ್ಲಿ 1975ರ ಜಿ.ವಿ. ಅಯ್ಯರ್ ಅವರ ಸಿನಿಮಾ, ಎರಡಕ್ಕೂ ಮೂಲ ಇದೇ. ಕಲೆ ಯಾರ ಆಸ್ತಿ, ಕಲಾವಿದ ದೊರೆಗೆ ಬೇಡ ಅನ್ನಬಹುದಾ ಅನ್ನೋ ಪ್ರಶ್ನೆ ಅದರ ಜೀವಾಳ. ಆ ಪ್ರಶ್ನೆಯನ್ನು ಹುಡುಗರ ಜೊತೆ ಕೂತು ಮಾತಾಡಿ. ಪುಸ್ತಕ ಕೈಗಿಟ್ಟು ಎದ್ದುಹೋದರೆ ಉಳಿಯೋದು ಟಿಪ್ಪು ಅನ್ನೋ ಹೆಸರೊಂದೇ.

ಸಿನಿಮಾ ವಿಷಯ ಬಂತಲ್ಲ. ತರಾಸು ಹೆಸರು ಕೇಳಿದರೆ ಹೆಚ್ಚಿನವರಿಗೆ ನೆನಪಾಗೋದು 1972ರ ನಾಗರಹಾವು. ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಆ ಚಿತ್ರ ವಿಷ್ಣುವರ್ಧನ್‌ರನ್ನು ಕೊಟ್ಟಿತು, ಒನಕೆ ಓಬವ್ವನನ್ನು ಮನೆಮನೆಗೆ ತಲುಪಿಸಿತು. ಬರೆದವರಿಗೆ ಮಾತ್ರ ಸಮಾಧಾನವಾಗಲಿಲ್ಲ. ತಮ್ಮ ನಾಗರಹಾವು ಕೇರೆಹಾವಾಯಿತು ಅನ್ನೋ ಅರ್ಥದಲ್ಲಿ ಬೇಸರಪಟ್ಟರು. ಆಮೇಲೂ ಅವರ ಕಾದಂಬರಿಗಳು ಸಿನಿಮಾ ಆಗುತ್ತಲೇ ಇದ್ದವು. ಸತ್ತ ಎಷ್ಟೋ ವರ್ಷಗಳ ಮೇಲೆ, 1993ರಲ್ಲಿ, ರಾಜ್‌ಕುಮಾರ್‌ರ ಆಕಸ್ಮಿಕ.

ತರಾಸು ಕಾದಂಬರಿಗಳಲ್ಲಿ ನನಗೆ ಕಾಡುವ ಒಂದು ಕೊರತೆಯನ್ನೂ ಹೇಳಿಬಿಡ್ತೀನಿ. ಅವರ ಕಣ್ಣು ಹೆಚ್ಚಾಗಿ ಕೋಟೆಯೊಳಗೆ. ಆ ಕೋಟೆಗೆ ಕಾಲಾಳುಗಳನ್ನು, ಹಾಲು ಬೆಣ್ಣೆಯನ್ನು ಕೊಟ್ಟ ಬಯಲಿನ ಜನ, ದೇವರ ಎತ್ತು ಕಾಯುವ ಕಿಲಾರಿ, ಕುರಿ ಹಿಂಡಿನ ಹಿಂದೆ ನಡೆವ ಹೆಂಗಸು, ಇವರೆಲ್ಲ ಅಂಚಿನಲ್ಲಿ ನಿಲ್ತಾರೆ. ಅವರ ಕಥೆ ಬೇಕಿದ್ದರೆ ಕಾವ್ಯ ಹಾಡುವವರ ಹತ್ತಿರ ಹೋಗಬೇಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದ ಹಾಡಿದವರು. ವರವು ಕಾವಲಿನ ಮಕ್ಕಳಿಗೆ ಇದು ದೂರದ ಮಾತಲ್ಲ. ಚಳ್ಳಕೆರೆ ಸುತ್ತ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು, ಅದರಲ್ಲಿ 4,000 ಎಕರೆಗೂ ಹೆಚ್ಚು ವರವು ಕಾವಲಿನಲ್ಲೇ ಡಿಆರ್‌ಡಿಒಗೆ ಹೋಯಿತು. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಅಜ್ಜ ಕುರಿ ಮೇಯಿಸಿದ ಹುಲ್ಲುಗಾವಲನ್ನು ಮೊಮ್ಮಗ ಗೋಡೆಯ ಈಚೆಯಿಂದ ನೋಡ್ತಾನೆ. ಕೋಟೆ ಅಂದರೆ ಏನು, ಒಳಗೆ ಯಾರು, ಹೊರಗೆ ಯಾರು ಅಂತ ಅವನಿಗೆ ನಾವು ವಿವರಿಸಬೇಕಿಲ್ಲ. ಅವನು ರಕ್ತರಾತ್ರಿ ಓದಿ ಕೇಳೋ ಪ್ರಶ್ನೆಗಳನ್ನು ಬೆಂಗಳೂರಿನ ಹುಡುಗ ಕೇಳಲಾರ.

ಹೇಗೆ ಕೊಡೋದು? ದುರ್ಗಾಸ್ತಮಾನದಿಂದ ಶುರು ಮಾಡಬೇಡಿ. ದಪ್ಪ ಪುಸ್ತಕ ನೋಡಿಯೇ ಹುಡುಗರು ಹೆದರ್ತಾರೆ. ಮೊದಲು ಪುಟ್ಟನ ಚೆಂಡಿನ ಕಥೆ ಬಾಯಲ್ಲಿ ಹೇಳಿ. ಆಮೇಲೆ ಕಂಬನಿಯ ಕುಯಿಲಿನ ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಕುತೂಹಲ ಏರಿದ ಜಾಗದಲ್ಲಿ ನಿಲ್ಲಿಸಿ, ಪುಸ್ತಕ ಅಲ್ಲೇ ಬಿಟ್ಟು ಬನ್ನಿ. ತೆಲುಗಿನಲ್ಲಿ ಅರ್ಥ ಕೇಳಿದರೆ ತೆಲುಗಿನಲ್ಲೇ ಹೇಳಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕಪಾಟಿನಲ್ಲಿ ತರಾಸು ಇಲ್ಲದಿದ್ದರೆ ಪಂಚಾಯಿತಿ ಸದಸ್ಯರನ್ನು ಕೇಳಿ, ಅರ್ಜಿ ಬರೆಸಿ, ಅರ್ಜಿಗೆ ಮಕ್ಕಳ ಹತ್ತಿರವೇ ಸಹಿ ಹಾಕಿಸಿ. ಟ್ರೆಷರ್ ಐಲ್ಯಾಂಡ್ ಮುಂದಿನ ರಜೆಗೆ ಇರಲಿ, ಆಗ ಅವರಿಗೇ ಬೇಕಾಗುತ್ತೆ.

ತರಾಸು ತೀರಿಕೊಂಡದ್ದು 1984ರ ಏಪ್ರಿಲ್‌ನಲ್ಲಿ, 64 ತುಂಬುವ ಹೊಸ್ತಿಲಲ್ಲಿ. ದುರ್ಗಾಸ್ತಮಾನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ.