ವಿಚಾರಣೆಯಿಲ್ಲದೆ ಅಧಿಕಾರ ಕಳೆದುಕೊಂಡ ಅರಸ: ಮುಮ್ಮಡಿ ಕೃಷ್ಣರಾಜ ಒಡೆಯರು

ದಕ್ಷಿಣ ಬೆಂಗಳೂರಿನ ಜನ ದಿನಕ್ಕೆ ಹತ್ತು ಬಾರಿ ಉಚ್ಚರಿಸುವ ಹೆಸರು ಜಯನಗರ. 1948ರಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿ ಅವರು ಶಂಕುಸ್ಥಾಪನೆ ನೆರವೇರಿಸಿದ ಈ ಬಡಾವಣೆ ಹೆಸರು ಪಡೆದದ್ದು ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರಿಂದ. ಆದರೆ ಜಯಚಾಮರಾಜರು ಸಿಂಹಾಸನವೇರುವಂತಾದದ್ದು ಅವರ ಮುತ್ತಾತ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯೊಳಗೆ ಕುಳಿತು ಮೂವತ್ತಾರು ವರ್ಷ ನಡೆಸಿದ ಪತ್ರಸಮರದಿಂದ ಎಂಬುದು ಈ ಬಡಾವಣೆಯ ಬಹುಮಂದಿಗೆ ತಿಳಿಯದು. ಆಳಲು ಅಸಮರ್ಥನೆಂಬ ಕಾರಣ ಹೇಳಿ ರಾಜ್ಯದ ಮುಖ್ಯಸ್ಥನೊಬ್ಬನನ್ನು ಅಧಿಕಾರದಿಂದ ಕೆಳಗಿಳಿಸಿದ ಪ್ರಸಂಗ ಕನ್ನಡನಾಡಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಮುಮ್ಮಡಿ ಕೃಷ್ಣರಾಜರು ಜನಿಸಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು ಹೆಸರಿಗಷ್ಟೇ ಅರಸರು. ಆಡಳಿತವೆಲ್ಲ ಟಿಪ್ಪು ಸುಲ್ತಾನನದು. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ಮಡಿದನು. ವಂಶದ ಹಕ್ಕಿಗಾಗಿ ದಶಕಗಳ ಕಾಲ ಗುಟ್ಟಾಗಿ ಹೆಣಗಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರ ಆಸೆ ಅಂದಿಗೆ ಕೈಗೂಡಿತು. ಅದೇ ವರ್ಷದ ಜೂನ್ 30ರಂದು ಮೈಸೂರಿನಲ್ಲಿ, ಅರಮನೆ ಪಾಳುಬಿದ್ದಿದ್ದ ಕಾರಣ ಚಪ್ಪರವೊಂದರಲ್ಲಿ, ಐದು ವರ್ಷದ ಬಾಲಕನಿಗೆ ಪಟ್ಟಾಭಿಷೇಕವಾಯಿತು.

ಎಂಟೇ ದಿನಗಳಲ್ಲಿ, ಜುಲೈ 8ರಂದು, ಬಾಲದೊರೆಯ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದವೊಂದು ಆಯಿತು. ಮುಂದೆ ನಡೆದ ಎಲ್ಲದರ ಬೀಜ ಈ ಒಪ್ಪಂದದಲ್ಲಿದೆ. ಮೈಸೂರಿನ ರಕ್ಷಣೆಗೆ ಕಂಪನಿ ಸೈನ್ಯ ಇಡುವುದು, ಅದಕ್ಕೆ ಪ್ರತಿಯಾಗಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಕೊಡುವುದು ಮುಖ್ಯ ಷರತ್ತು. ಈ ಹಣಕ್ಕೆ ಕುತ್ತು ಬರಬಹುದೆಂದು ಗವರ್ನರ್ ಜನರಲ್‌ಗೆ ಅನ್ನಿಸಿದರೆ ಆಡಳಿತಕ್ಕೆ ಹೊಸ ಕಟ್ಟಳೆ ವಿಧಿಸುವ, ಇಲ್ಲವೇ ಹಣ ಹುಟ್ಟುವುದಕ್ಕೆ ಎಷ್ಟು ಬೇಕೋ ಅಷ್ಟು ಸೀಮೆಯನ್ನು ನೇರವಾಗಿ ವಹಿಸಿಕೊಳ್ಳುವ ಅಧಿಕಾರವನ್ನು ನಾಲ್ಕನೇ ಕಲಮು ನೀಡಿತು. ಸೂಚನೆ ಬಂದ ಹತ್ತು ದಿನಗಳೊಳಗೆ ದೊರೆ ಅದರಂತೆ ನಡೆಯದಿದ್ದರೆ ಗವರ್ನರ್ ಜನರಲ್ ತನ್ನ ಅಧಿಕಾರದಿಂದಲೇ ಆಜ್ಞೆ ಹೊರಡಿಸಬಹುದೆಂದು ಐದನೆಯದು ಹೇಳಿತು. ಹಾಗೆ ಸೀಮೆ ಹೋದರೂ ದೊರೆಗೆ ವರ್ಷಕ್ಕೆ ಒಂದು ಲಕ್ಷ ಸ್ಟಾರ್ ಪಗೋಡ ಮತ್ತು ನಿವ್ವಳ ಹುಟ್ಟುವಳಿಯ ಐದನೇ ಒಂದು ಭಾಗ ತಪ್ಪಬಾರದು. ಹಣಕಾಸು, ನ್ಯಾಯ ಮುಂತಾದ ವಿಷಯಗಳಲ್ಲಿ ದೊರೆ ಕಂಪನಿಯ ಸಲಹೆಗೆ ಕಿವಿಗೊಡಬೇಕೆಂಬ ಮಾತೂ ಬೇರೊಂದು ಕಲಮಿನಲ್ಲಿತ್ತು.

ಆದರೆ ಕುತ್ತು ಬಂದಿದೆಯೇ ಇಲ್ಲವೇ ಎಂದು ತೀರ್ಮಾನಿಸುವವರು ಯಾರು? ದೊರೆಯ ಮಾತನ್ನು ಕೇಳುವವರು ಯಾರು? ಒಪ್ಪಂದದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ದೂರುವವನು, ತೀರ್ಪು ಕೊಡುವವನು, ತೀರ್ಪಿನಿಂದ ಲಾಭ ಪಡೆಯುವವನು ಮೂವರೂ ಒಬ್ಬನೇ ಆಗಿದ್ದನು.

ದೊರೆಯ ಬಾಲ್ಯದಲ್ಲಿ ದಿವಾನ್ ಪೂರ್ಣಯ್ಯನವರ ಬಿಗಿ ಆಡಳಿತ ನಡೆಯಿತು, ಬೊಕ್ಕಸ ತುಂಬಿತು. 1810ರಲ್ಲಿ ಲಕ್ಷ್ಮಮ್ಮಣ್ಣಿಯವರು ತೀರಿಕೊಂಡರು. ಆ ಹೊತ್ತಿಗೆ ಹದಿನಾರರ ತರುಣ ಕೃಷ್ಣರಾಜರು ಅಧಿಕಾರ ತಮ್ಮ ಕೈಗೆ ಬರಬೇಕೆಂದು ಬಯಸಿದರು. ಪೂರ್ಣಯ್ಯನವರು ನಿವೃತ್ತರಾಗಿ 1812ರಲ್ಲಿ ಶ್ರೀರಂಗಪಟ್ಟಣದಲ್ಲಿ ನಿಧನ ಹೊಂದಿದರು. ಅನುಭವವಿಲ್ಲದ ಅರಸರ ಸುತ್ತ ಮುಖಸ್ತುತಿಯವರು ನೆರೆದರೆಂಬುದನ್ನು ಅಲ್ಲಗಳೆಯಲಾಗದು. ದಾನ ದತ್ತಿಗಳಿಗೆ, ವಿದ್ವಾಂಸರಿಗೆ, ಕಲಾವಿದರಿಗೆ ಅವರ ಕೈ ಸದಾ ಬಿಚ್ಚಿಯೇ ಇರುತ್ತಿತ್ತು. ಖರ್ಚು ಹುಟ್ಟುವಳಿಯನ್ನು ಮೀರಿತು. ಹಣ ಹೊಂದಿಸಲು ಶರ್ತಿನ ಪದ್ಧತಿ ಬಲವಾಯಿತು. ಇಂತಿಷ್ಟು ಕಂದಾಯ ತಂದು ಕಟ್ಟುವೆನೆಂದು ಒಪ್ಪಿಕೊಂಡ ಅಮಲ್ದಾರ ಅದಕ್ಕೆ ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರ ಯಾರಿದ್ದಾನೆ? ಭಾರವೆಲ್ಲ ರೈತನ ಬೆನ್ನಿಗೆ ಬಿತ್ತು. 1825ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಸ್ವತಃ ಮೈಸೂರಿಗೆ ಬಂದು, ಆಡಳಿತ ಸುಧಾರಿಸದಿದ್ದರೆ ಕಂಪನಿ ಕೈಹಾಕಬೇಕಾದೀತೆಂದು ಎಚ್ಚರಿಸಿ ಹೋದನು. ಎಚ್ಚರಿಕೆಗೆ ಸಿಗಬೇಕಾದಷ್ಟು ಬೆಲೆ ಸಿಗಲಿಲ್ಲ.

1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು. ಹೊಸಂತೆಯಲ್ಲಿ ಕೂಟ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು. ಕೆಳದಿಯ ಅರಸುಮನೆತನದ ವಾರಸುದಾರ ತಾನೆಂದು ಹೇಳಿಕೊಂಡ ಬೂದಿ ಬಸವಪ್ಪ ನಾಯಕ ಮುಂದಾಳಾದನು. ಮೈಸೂರಿನ ಪಡೆಗೆ ದಂಗೆ ಅಡಗಿಸುವುದು ಕಷ್ಟವಾಗಿ ಕಂಪನಿಯ ಸೈನ್ಯ ಇಳಿಯಿತು. 1831ರ ಜೂನ್‌ನಲ್ಲಿ ನಗರ ಕೈವಶವಾಯಿತು.

ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಮೈಸೂರಿನ ದೊರೆಗೆ ಪತ್ರ ಬರೆದದ್ದು ಇದಾದ ಮೇಲೆ, 1831ರ ಸೆಪ್ಟೆಂಬರ್ 7ರಂದು. ಒಪ್ಪಂದದ ಕಲಮುಗಳನ್ನು ಮುಂದೊಡ್ಡಿ ಇಡೀ ಮೈಸೂರಿನ ಆಡಳಿತವನ್ನು ಕಂಪನಿ ವಹಿಸಿಕೊಳ್ಳುವುದಾಗಿ ಅದರಲ್ಲಿ ತಿಳಿಸಲಾಗಿತ್ತು. ಮದರಾಸಿನಿಂದ ಹೋದ ವರದಿಗಳೇ ಈ ನಿರ್ಧಾರಕ್ಕೆ ಆಧಾರ. ದೊರೆಯ ವಿವರಣೆ ಕೇಳಿದವರಿಲ್ಲ, ಆರೋಪಪಟ್ಟಿ ಕೊಟ್ಟವರಿಲ್ಲ. ಅಕ್ಟೋಬರ್ 19ರಂದು ಕೃಷ್ಣರಾಜರು ಯಾವ ಪ್ರತಿರೋಧವನ್ನೂ ಒಡ್ಡದೆ ಅಧಿಕಾರವನ್ನು ಬಿಟ್ಟುಕೊಟ್ಟರು. ಆಗ ಅವರಿಗೆ ಮೂವತ್ತೇಳು ವರ್ಷ.

ಇಂದಿನ ಓದುಗರಿಗೆ ಹೋಲಿಕೆಯೊಂದು ನೆರವಾದೀತು. ಭಾರತದ ಸಂವಿಧಾನದ 61ನೇ ವಿಧಿಯಂತೆ ರಾಷ್ಟ್ರಪತಿಯವರನ್ನು ಪದಚ್ಯುತಗೊಳಿಸಲು ಸಂವಿಧಾನದ ಉಲ್ಲಂಘನೆಯ ಆರೋಪ ಬೇಕು. ಸದನವೊಂದರ ನಾಲ್ಕನೇ ಒಂದು ಭಾಗದಷ್ಟು ಸದಸ್ಯರ ಸಹಿ, ಹದಿನಾಲ್ಕು ದಿನಗಳ ಸೂಚನೆ, ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು ಬೆಂಬಲ ಬೇಕು. ಬಳಿಕ ಇನ್ನೊಂದು ಸದನ ವಿಚಾರಣೆ ನಡೆಸಬೇಕು. ಅಲ್ಲಿ ಹಾಜರಾಗಿ ವಾದ ಮಂಡಿಸುವ ಹಕ್ಕು ರಾಷ್ಟ್ರಪತಿಯವರಿಗಿದೆ. ಆ ಸದನವೂ ಅಷ್ಟೇ ಬಹುಮತದಿಂದ ಒಪ್ಪಬೇಕು. ಅನಾರೋಗ್ಯದಿಂದ ಕಾರ್ಯನಿರ್ವಹಿಸಲಾಗದಿದ್ದರೆ 65ನೇ ವಿಧಿಯಂತೆ ಉಪರಾಷ್ಟ್ರಪತಿ ಹೊಣೆ ಹೊರುತ್ತಾರೆ, ಪದವಿ ತೆರವಾದರೂ ಅವರೇ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಅವರು ಫಕ್ರುದ್ದೀನ್ ಅಲಿ ಅಹಮದ್ ಅವರ ನಿಧನದ ನಂತರ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ರಾಷ್ಟ್ರಪತಿಯ ಹೊಣೆ ನಿರ್ವಹಿಸಿದ್ದು ಈ ವಿಧಿಯ ಬಲದಿಂದಲೇ. 1831ರ ಮೈಸೂರಿನಲ್ಲಿ ಇದ್ದದ್ದು ಹತ್ತು ದಿನಗಳ ಗಡುವು ಮಾತ್ರ.

ಆಡಳಿತ ಕಮಿಷನರುಗಳ ಕೈಗೆ ಹೋಯಿತು. ಕಚೇರಿ ಬೆಂಗಳೂರಿಗೆ ಬಂದಿತು. ಜಯನಗರದಿಂದ ಸಿಟಿ ಮಾರ್ಕೆಟ್ ಕಡೆಗೆ ಹೋಗುವವರು ಕೋಟೆಯ ಬಳಿ ಕಾಣುವ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ 1868ರವರೆಗೂ ಮೈಸೂರು ಸರ್ಕಾರದ ಕಚೇರಿ ನಡೆಯುತ್ತಿತ್ತು. ಆ ಬಳಿಕ ಅದು ಕಬ್ಬನ್ ಪಾರ್ಕಿನ ಅಠಾರಾ ಕಚೇರಿಗೆ ಹೋಯಿತು. ಬೆಂಗಳೂರು ರಾಜಧಾನಿಯಾಗಿ ಬೆಳೆಯುವ ದಾರಿ ತೆರೆದದ್ದು ಮೈಸೂರಿನ ಅರಸರು ಅಧಿಕಾರ ಕಳೆದುಕೊಂಡ ಈ ಘಟನೆಯಿಂದ ಎಂಬುದು ವಿಚಿತ್ರವಾದರೂ ಸತ್ಯ.

ತನಿಖೆ ನಡೆದದ್ದು ಅಧಿಕಾರ ಕಿತ್ತುಕೊಂಡ ಮೇಲೆ! ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್ ಮತ್ತು ಕಬ್ಬನ್ ಎಂಬ ನಾಲ್ವರ ಸಮಿತಿ 1833ರ ಡಿಸೆಂಬರ್‌ನಲ್ಲಿ ವರದಿ ನೀಡಿತು. ದುರಾಡಳಿತವಿದ್ದುದು ನಿಜ, ಆದರೆ ಹೊರಿಸಲಾದ ಆರೋಪಗಳಲ್ಲಿ ಅತಿಶಯೋಕ್ತಿ ಬಹಳ ಎಂಬುದು ವರದಿಯ ಸಾರ. 1834ರ ಏಪ್ರಿಲ್‌ನಲ್ಲಿ ಬೆಂಟಿಂಕ್ ಲಂಡನ್ನಿಗೆ ಬರೆದ ಪತ್ರದಲ್ಲಿ ತನ್ನ ಕ್ರಮದ ನ್ಯಾಯಬದ್ಧತೆಯ ಬಗ್ಗೆ ತಾನೇ ಸಂದೇಹ ತೋಡಿಕೊಂಡನು. ಸೈನ್ಯದ ಹಣಕ್ಕೆ ಆ ಹೊತ್ತಿಗೆ ಕುತ್ತೇನೂ ಬಂದಿರಲಿಲ್ಲ. ಬಂದಿದ್ದರೂ ಹಣಕ್ಕೆ ತಕ್ಕಷ್ಟು ಸೀಮೆಯನ್ನಷ್ಟೇ ತೆಗೆದುಕೊಳ್ಳಲು ಒಪ್ಪಂದ ಅವಕಾಶ ನೀಡಿತ್ತು, ಇಡೀ ದೇಶವನ್ನಲ್ಲ. ರಾಜ್ಯದ ಒಂದು ಭಾಗವನ್ನಾದರೂ ದೊರೆಗೆ ಹಿಂದಿರುಗಿಸೋಣವೆಂದು ಅವನು ಸೂಚಿಸಿದನು. ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಕಿತ್ತುಕೊಂಡವನೇ ಹಿಂದಿರುಗಿಸಲು ಹೊರಟರೂ ಅದಕ್ಕೆ ದಾರಿಯಿರಲಿಲ್ಲ.

ಅರಮನೆಯಲ್ಲಿ ಉಳಿದ ಕೃಷ್ಣರಾಜರು ಎರಡು ಕೆಲಸಗಳಲ್ಲಿ ತೊಡಗಿದರು. ಮೊದಲನೆಯದು ವಿದ್ಯೆ ಮತ್ತು ಕಲೆ. 1833ರಲ್ಲಿ ಮೈಸೂರಿನಲ್ಲಿ ಅವರು ಸ್ಥಾಪಿಸಿದ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ದೇವತಾಮೂರ್ತಿಗಳ ಲಕ್ಷಣ ವಿವರಿಸುವ ಶ್ರೀತತ್ತ್ವನಿಧಿ ಎಂಬ ಸಚಿತ್ರ ಬೃಹದ್ಗ್ರಂಥ ಅವರ ಆಶ್ರಯದಲ್ಲಿ ರೂಪುಗೊಂಡಿತು. ಜಗನ್ಮೋಹನ ಅರಮನೆ 1861ರಲ್ಲಿ ತಲೆಯೆತ್ತಿತು. ಚದುರಂಗದಲ್ಲಿ ಅವರದು ಅಪೂರ್ವ ಪ್ರತಿಭೆ. ಕುದುರೆ ಒಂದೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಇಡೀ ಪಟವನ್ನು ಸುತ್ತಿಬರುವ ಬಂಧಗಳನ್ನು ಅವರು ರಚಿಸಿದರು. ತನ್ನ ಸೀಮೆಯಲ್ಲಿ ಒಬ್ಬ ಅಮಲ್ದಾರನನ್ನೂ ನೇಮಿಸಲಾಗದ ದೊರೆ ಅರವತ್ತನಾಲ್ಕು ಮನೆಗಳ ಮೇಲೆ ಕುದುರೆ ನಡೆಸುತ್ತಿದ್ದುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಎರಡನೆಯದು ಮನವಿಗಳು. ರಾಜ್ಯವನ್ನು ಹಿಂದಿರುಗಿಸುವಂತೆ ಲಾರ್ಡ್ ಹಾರ್ಡಿಂಜ್‌ಗೆ ಬರೆದರು. ಆ ಮನವಿಗೆ ಸಂಬಂಧಿಸಿ 1847ರಲ್ಲಿ ಲಂಡನ್ನಿನ ನಿರ್ದೇಶಕರು ಹೇಳಿದ್ದರ ತಾತ್ಪರ್ಯ, ಹಿಂದಿರುಗಿಸಿದರೆ ನಾಡಿನ ಸುವ್ಯವಸ್ಥೆಗೆ ಅಪಾಯವಾದೀತೆಂಬ ಭಯವೇ ನಿಜವಾದ ಅಡ್ಡಿ ಎಂದು. ಅಂದರೆ ಒಪ್ಪಂದದ ಮಾತು ಹಿಂದೆ ಸರಿದು, ಅಸಮರ್ಥತೆಯ ಮಾತು ಮುಂದೆ ಬಂದಿತ್ತು. ಸೈನ್ಯದ ಹಣಕ್ಕೆ ಲೆಕ್ಕವಿದೆ, ಬಾಕಿ ತೀರಿಸಿದರೆ ದೂರು ಮುಗಿಯುತ್ತದೆ. ಅಸಮರ್ಥತೆಗೆ ಲೆಕ್ಕವೆಲ್ಲಿಯದು? ಆಳಲು ಅವಕಾಶವೇ ಇಲ್ಲದವನು ತಾನು ಆಳಬಲ್ಲೆನೆಂದು ತೋರಿಸುವುದಾದರೂ ಹೇಗೆ?

ಡಾಲ್‌ಹೌಸಿಯ ಕಾಲದಲ್ಲಿ ಅಪಾಯ ಇನ್ನೂ ಹತ್ತಿರ ಬಂದಿತು. ಕೃಷ್ಣರಾಜರಿಗೆ ಪಟ್ಟಕ್ಕೆ ಬರುವ ಮಗನಿರಲಿಲ್ಲ. 1799ರ ಒಪ್ಪಂದ ಆ ಒಬ್ಬ ದೊರೆಗೆ ಮಾತ್ರ ಸೇರಿದ್ದು, ಅವನ ನಂತರ ಮೈಸೂರು ಬ್ರಿಟಿಷರಿಗೇ ಸೇರಬೇಕು ಎಂಬ ಅಭಿಪ್ರಾಯವನ್ನು ಡಾಲ್‌ಹೌಸಿ 1856ರಲ್ಲಿ ದಾಖಲಿಸಿದನು. ಸೂರ್ಯಚಂದ್ರರಿರುವ ತನಕ ನಡೆಯಬೇಕೆಂದು ಬರೆದ ಒಪ್ಪಂದಕ್ಕೆ ಹೀಗೆ ಒಂದು ಜೀವದ ಆಯುಷ್ಯವನ್ನಷ್ಟೇ ನೀಡಲಾಯಿತು! ಮರುವರ್ಷವೇ ಉತ್ತರ ಭಾರತ ಹೊತ್ತಿ ಉರಿಯಿತು. ಕೃಷ್ಣರಾಜರು ಬ್ರಿಟಿಷರ ಪಕ್ಷದಲ್ಲಿಯೇ ನಿಂತರು, ಲಾರ್ಡ್ ಕ್ಯಾನಿಂಗ್ ಕೃತಜ್ಞತೆ ಸಲ್ಲಿಸಿದನು. 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಅಧೀನಕ್ಕೆ ಒಪ್ಪಿಸುವ ಆಜ್ಞೆ ಬಂದಾಗ ಅರಸರು ಬಲವಾಗಿ ವಿರೋಧಿಸಿದರು. ಕಮಿಷನರ್ ಮಾರ್ಕ್ ಕಬ್ಬನ್ ಕೂಡ ರಾಜೀನಾಮೆಗೆ ಮುಂದಾದ ಮೇಲೆ ಆಜ್ಞೆ ಹಿಂದಕ್ಕೆ ಹೋಯಿತು. ಈ ಗೆಲುವಿನ ಬೆನ್ನಲ್ಲೇ, 1861ರ ಫೆಬ್ರವರಿಯಲ್ಲಿ, ರಾಜ್ಯವನ್ನೇ ಹಿಂದಿರುಗಿಸುವಂತೆ ಕ್ಯಾನಿಂಗ್‌ಗೆ ಮನವಿ ಹೋಯಿತು. ಮರುವರ್ಷ ಬಂದ ಉತ್ತರ ನಿರಾಕರಣೆ.

ಆಗ ಅರಸರು ಹಿಡಿದ ದಾರಿ ಬೇರೆ. ತಮಗೆ ಅಧಿಕಾರ ಬರುವುದಿಲ್ಲವೆಂಬುದು ಅವರಿಗೆ ಖಚಿತವಾಗಿರಬೇಕು. 1865ರ ಜೂನ್ 18ರಂದು, ಎಪ್ಪತ್ತರ ಇಳಿವಯಸ್ಸಿನಲ್ಲಿ, ಬೆಟ್ಟದಕೋಟೆ ಮನೆತನದ ಚಿಕ್ಕಕೃಷ್ಣರಾಜ ಅರಸಿನವರ ಎರಡು ವರ್ಷದ ಮಗ ಚಾಮರಾಜೇಂದ್ರನನ್ನು ದತ್ತು ಸ್ವೀಕರಿಸಿದರು. ಗವರ್ನರ್ ಜನರಲ್ ಸರ್ ಜಾನ್ ಲಾರೆನ್ಸ್ ಈ ದತ್ತು ಅರಸರ ಸ್ವಂತ ಆಸ್ತಿಗಷ್ಟೇ ಅನ್ವಯ, ರಾಜ್ಯಕ್ಕಲ್ಲ ಎಂದನು. ವಾದ ಕಲ್ಕತ್ತೆಯನ್ನು ದಾಟಿ ಲಂಡನ್ನಿಗೆ ಹೋಯಿತು. ಅರಸರ ವೈದ್ಯರಾಗಿದ್ದ ಡಾಕ್ಟರ್ ಕ್ಯಾಂಬೆಲ್ ಅಲ್ಲಿ ಅವರ ಪರವಾಗಿ ಓಡಾಡಿದನು. ಮೇಜರ್ ಇವಾನ್ಸ್ ಬೆಲ್ ಪುಸ್ತಕವನ್ನೇ ಬರೆದನು. ಕಂಪನಿ ಅಳಿದು ಬ್ರಿಟಿಷ್ ಪಾರ್ಲಿಮೆಂಟಿಗೆ ಹೊಣೆಯಾದ ಸರ್ಕಾರ ಬಂದಿದ್ದರಿಂದ, ಮೊದಲ ಬಾರಿಗೆ ದೊರೆಯ ಅಹವಾಲನ್ನು ಬಹಿರಂಗವಾಗಿ ಕೇಳುವ ಒಂದು ಸ್ಥಳವಾದರೂ ಇತ್ತು.

1867ರ ಏಪ್ರಿಲ್ 16ರಂದು ಭಾರತ ಮಂತ್ರಿ ಸರ್ ಸ್ಟಾಫರ್ಡ್ ನಾರ್ತ್‌ಕೋಟ್ ಹೊರಡಿಸಿದ ಆದೇಶ ದತ್ತುಪುತ್ರನ ಹಕ್ಕನ್ನು ಮಾನ್ಯ ಮಾಡಿತು. ಬಾಲಕನಿಗೆ ಯೋಗ್ಯ ಶಿಕ್ಷಣ ಕೊಡಬೇಕು, ಪ್ರಾಪ್ತ ವಯಸ್ಸಿಗೆ ಬಂದಾಗ ಸಮರ್ಥನೆಂದು ಕಂಡರೆ ಆಡಳಿತವನ್ನು ಒಪ್ಪಿಸಬೇಕು ಎಂಬುದು ಅದರ ತಿರುಳು. ಮುಮ್ಮಡಿಯವರಿಗೆ ಸ್ವತಃ ಏನೂ ದಕ್ಕಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1868ರ ಮಾರ್ಚ್ 27ರಂದು, ಅವರು ಮೈಸೂರಿನಲ್ಲಿ ಕಣ್ಮುಚ್ಚಿದರು.

ಅದೇ ವರ್ಷದ ಸೆಪ್ಟೆಂಬರ್ 23ರಂದು ಚಾಮರಾಜೇಂದ್ರ ಒಡೆಯರಿಗೆ ಪಟ್ಟವಾಯಿತು. ಅಜ್ಜನ ವಯಸ್ಸಿನ ದತ್ತುತಂದೆ 1799ರಲ್ಲಿ ಸಿಂಹಾಸನವೇರಿದಾಗ ಎಷ್ಟು ಪ್ರಾಯವೋ ಮಗುವಿಗೂ ಅಷ್ಟೇ, ಐದು ವರ್ಷ. ಅಧಿಕಾರ ಹಸ್ತಾಂತರವಾದದ್ದು 1881ರ ಮಾರ್ಚ್ 25ರಂದು, ಅಂದರೆ ಬೆಂಟಿಂಕ್‌ನ ಪತ್ರ ಬಂದ ಐವತ್ತನೆಯ ವರ್ಷದಲ್ಲಿ. ಅಂದು ಕೊಟ್ಟ ಹಸ್ತಾಂತರ ಪತ್ರದಲ್ಲಿ ವಾರ್ಷಿಕ ಹಣವನ್ನು 35 ಲಕ್ಷ ರೂಪಾಯಿಗೆ ಏರಿಸಲಾಗಿತ್ತು. ಗವರ್ನರ್ ಜನರಲ್ ಮನ್ನಣೆಯಿಲ್ಲದೆ ಯಾವ ಉತ್ತರಾಧಿಕಾರವೂ ಸಿಂಧುವಲ್ಲವೆಂಬ, ಷರತ್ತು ಮೀರಿದರೆ ರಾಜ್ಯವನ್ನು ಮತ್ತೆ ವಹಿಸಿಕೊಳ್ಳಬಹುದೆಂಬ ಕಲಮುಗಳೂ ಅದರಲ್ಲಿದ್ದವು.